ಮೇಣದಮ್ಮನ ನಾಲ್ಕು ದಿನ

ಒಂದು ಜಡೆ ಹೆಣೆದಾಗಿದೆ. ಇನ್ನೊಂದರ ಮೂರು ಎಳೆ ಬೆರಳಲ್ಲಿ ಇರುವಾಗಲೇ ಫೋನು ಬಡಿದುಕೊಳ್ಳುತ್ತದೆ. ಬೆಳಗಿನ ಆರೂವರೆ. ಆಸ್ಪತ್ರೆಯಲ್ಲಿ ತುರ್ತು ಶಸ್ತ್ರಚಿಕಿತ್ಸೆ, ಅರ್ಧ ಗಂಟೆಯಲ್ಲಿ ಗಂಟಿನ ತುಣುಕು ಕೆಳಗಿನ ಪ್ರಯೋಗಾಲಯಕ್ಕೆ ಬರುತ್ತದೆ, ಕೂಡಲೇ ಬನ್ನಿ ಎನ್ನುತ್ತಾರೆ. ಜಡೆ ಹಾಕುತ್ತಿದ್ದ ದೊಡ್ಡಮ್ಮ ಬಾಚಣಿಗೆಯನ್ನು ಹುಡುಗಿಯ ಕೈಗಿಟ್ಟು ಚಪ್ಪಲಿ ಮೆಟ್ಟುತ್ತಾರೆ. ಶಾಲೆ ಒಂಬತ್ತೂವರೆಗೆ, ದಾರಿಯೂ ಅದೇ. ಹದಿಮೂರರ ಹುಡುಗಿ ಬ್ಯಾಗು ಹೆಗಲಿಗೇರಿಸಿ, ಅರ್ಧ ಜಡೆ ಹಿಡಿದುಕೊಂಡೇ ಹಿಂದೆ ಬರುತ್ತಾಳೆ.

"ಹೀಗೇ ಬರ್ತೀಯಾ? ನೋಡಿದೋರು ಏನಂದ್ಕೋತಾರೆ?"

"ಇವಳ ದೊಡ್ಡಮ್ಮಂಗೆ ಯಾವ ಕೆಲಸಾನೂ ಪೂರ್ತಿ ಮಾಡೋಕೆ ಬರಲ್ಲ ಅಂದ್ಕೋತಾರೆ, ಅಷ್ಟೇ."

ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ಕರೆಯುವುದು ಮೇಣದಮ್ಮ ಎಂದು. ತುಣುಕು ಬರುತ್ತದೆ. ಮೇಲಿನ ಮಹಡಿಯಲ್ಲಿ ಯಾರದೋ ಹೊಟ್ಟೆ ತೆರೆದೇ ಇದೆ. ಇನ್ನೂ ಎಷ್ಟು ತೆಗೆಯಬೇಕೆಂದು ಗೊತ್ತಾಗದೆ ಶಸ್ತ್ರವೈದ್ಯರು ಕಾಯುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಎಂದಿನಂತೆ ಮೇಣದಲ್ಲಿ ಅಚ್ಚು ಹಾಕಲು ಪುರುಸೊತ್ತಿಲ್ಲ. ಅವರು ತುಣುಕನ್ನು ಹೆಪ್ಪುಗಟ್ಟಿಸಿ, ಉಸಿರು ಬಿಗಿಹಿಡಿದು ಕೊಯ್ದು, ಗಾಜಿನ ಮೇಲೆ ಹರವಿ, ಬಣ್ಣ ಹಾಕಿ ಪಕ್ಕದ ಕೋಣೆಗೆ ಕೊಡುತ್ತಾರೆ. ಹದಿನೆಂಟು ನಿಮಿಷ. ವೈದ್ಯರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಮೇಲಕ್ಕೆ ಫೋನು ಮಾಡುತ್ತಾರೆ. ಇಷ್ಟು ಸಾಕು, ಹೊಲಿಗೆ ಹಾಕಬಹುದು.

ಆಸ್ಪತ್ರೆ ಎಂದರೆ ನಮಗೆ ಕಾಣುವುದು ನಾಡಿ ಹಿಡಿಯುವ ವೈದ್ಯರು, ಸೂಜಿ ಚುಚ್ಚುವ ದಾದಿ, ಹೆಚ್ಚೆಂದರೆ ಸ್ಟ್ರೆಚರ್ ತಳ್ಳುವ ಆಯಾ. ಒಂದು ಗಂಟು ಕೆಟ್ಟದ್ದೋ ಅಲ್ಲವೋ ಎಂದು ತಿಳಿಯುವ ಮೊದಲು ಅದು ಎಷ್ಟು ಕೈ ದಾಟುತ್ತದೆ ಎಂದು ಯಾರೂ ಕೇಳುವುದಿಲ್ಲ. ಶಸ್ತ್ರವೈದ್ಯರು ತೆಗೆದದ್ದನ್ನು ದಾದಿ ಸೀಸೆಗೆ ಹಾಕಿ ಚೀಟಿ ಅಂಟಿಸುತ್ತಾರೆ, ಅಟೆಂಡರ್ ಕೆಳಗೆ ತರುತ್ತಾನೆ. ಮೇಣದಮ್ಮ ಅದನ್ನು ಮೇಣದಲ್ಲಿ ಅಚ್ಚು ಹಾಕಿ ಕೊಯ್ದು ಕೊಟ್ಟ ಮೇಲೆಯೇ ಇನ್ನೊಬ್ಬ ವೈದ್ಯರು ನೋಡಿ ರಿಪೋರ್ಟ್ ಬರೆಯುವುದು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ರೋಗಿಯ ಮುಖವನ್ನೂ ಅವರು ಕೆಲಸದ ಮೇಲೆ ನೋಡಿಲ್ಲ. ಇಲ್ಲಿ ಬರುವುದು ಬರೀ ನಂಬರು.

ದಿನಕ್ಕೆ ಅರವತ್ತು ಅಚ್ಚು. ಅದರಿಂದ ಕೊಯ್ಯುವ ಒಂದೊಂದು ಪದರವೂ ಕೂದಲಿನ ದಪ್ಪದ ಹದಿನೈದರಲ್ಲಿ ಒಂದು ಪಾಲು. ಬೇಸಿಗೆಯಲ್ಲೂ ಫ್ಯಾನು ಹಾಕುವಂತಿಲ್ಲ, ಪದರ ಹಾರಿಹೋಗುತ್ತದೆ. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಹಾಲಿನ ಕೆನೆ ಎತ್ತಿದ ಹಾಗೆ ಗಾಜಿನ ಮೇಲೆ ಎತ್ತಿಕೊಳ್ಳಬೇಕು. ಕೈ ನಡುಗಿದರೆ ಕೆಟ್ಟಿತು. ಮನೆಯಲ್ಲಿ ಮಾತ್ರ ಇದೇ ಕೈ ಹೆಚ್ಚಿದ ಈರುಳ್ಳಿ ಹೆಬ್ಬೆರಳು ಗಾತ್ರ ಇರುತ್ತದೆ ಎಂದು ಹುಡುಗಿ ಚಾಡಿ ಹೇಳುತ್ತಾಳೆ.

ಹುಡುಗಿ ಅವರ ತಂಗಿಯ ಮಗಳು. ಅಪ್ಪ ಮೊದಲೇ ದೂರವಾಗಿದ್ದವನು, ಅಮ್ಮ ತೀರಿಹೋದಾಗ ಇವಳಿಗೆ ಮೂರೇ ವರ್ಷ. ಅಂದಿನಿಂದ ದೊಡ್ಡಮ್ಮನೇ ಎಲ್ಲ. ಹುಡುಗಿ ಹೊರಕೋಣೆಯ ಸ್ಟೂಲಿನ ಮೇಲೆ ಕೂತಿದ್ದಾಳೆ. ಇತ್ತ ಪದರ ಕೊಯ್ಯುವ ಯಂತ್ರದ ಚಕ್ರ ತಿರುಗಿಸುತ್ತ ಮೇಣದಮ್ಮ, ತಮ್ಮ ಬಗ್ಗೆ ಬರೆಯಲು ಬಂದ ನನಗೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ.

"ಇವಳ ಅಮ್ಮನ ಸೀಸೆ ನಾನೇ ತಂದಿದ್ದೆ, ನಂಬರು ಗೊತ್ತಿತ್ತು. ಬಣ್ಣ ಸರಿಯಾಗಿ ಕೂತಿದೆಯಾ ಅಂತ ನೋಡೋದು ನಮ್ಮ ಕೆಲಸ, ಕಾಯಿಲೆ ಹೆಸರು ಹೇಳೋದಲ್ಲ. ಆದ್ರೆ ಅಷ್ಟು ವರ್ಷ ನೋಡಿದ ಕಣ್ಣು. ನೋಡಿದ ತಕ್ಷಣ ಗೊತ್ತಾಗೋಯ್ತು."

ಆ ವಾರ ರಿಪೋರ್ಟ್ ಬರೆಯುವ ವೈದ್ಯರು ಜ್ವರವೆಂದು ರಜೆ ಹಾಕಿದ್ದರು. ರಿಪೋರ್ಟ್ ಬರಲು ನಾಲ್ಕು ದಿನ ಹಿಡಿಯಿತು. ತಂಗಿ, ತನ್ನ ಮಗಳಿಗೆ ಸಮುದ್ರ ತೋರಿಸಬೇಕೆಂದು ರೈಲಿನ ಟಿಕೆಟ್ ತೆಗೆದಿಟ್ಟಿದ್ದಳು. ಹೋಗಿ ಬರಲೇ, ಇಲ್ಲ ಕಾಯಲೇ ಎಂದು ಅಕ್ಕನನ್ನೇ ಕೇಳಿದಳು.

"ಏನು ಹೇಳಬೇಕಿತ್ತು ನಾನು? 'ತಡಿ, ರಿಪೋರ್ಟ್ ಬರ್ಲಿ' ಅಂದೆ. ನಿಯಮಕ್ಕೆ ಅಂಜಿದೆನೋ, ಅವಳ ಮುಖಕ್ಕೆ ಅಂಜಿದೆನೋ, ಗೊತ್ತಿಲ್ಲ. ಹೋಗು ಅಂದಿದ್ರೆ ಯಾವ ನಿಯಮಾನೂ ಮುರೀತಿರ್ಲಿಲ್ಲ."

ತಂಗಿ ಟಿಕೆಟ್ ರದ್ದು ಮಾಡಿದಳು. ಆ ನಾಲ್ಕು ದಿನ ಬಟ್ಟೆ ಒಗೆದಳು, ಕಿಟಕಿಯ ದೂಳು ಹೊಡೆದಳು. ಶುಕ್ರವಾರ ರಿಪೋರ್ಟ್ ಬಂತು, ಶನಿವಾರ ಆಸ್ಪತ್ರೆಗೆ ಸೇರಿದಳು. ಆಮೇಲೆ ಬದುಕಿದ್ದ ಏಳು ತಿಂಗಳಲ್ಲಿ ಒಂದು ದಿನವೂ ಸಮುದ್ರದ ಮಾತೆತ್ತಲಿಲ್ಲ. ಅಕ್ಕನಿಗೆ ನುಂಗಲಾರದ ತುತ್ತಾಗಿರುವುದು ಅದೇ.

ಈ ಆಸ್ಪತ್ರೆಯಲ್ಲಿ ಮೇಣದ ಅಚ್ಚುಗಳನ್ನು ಹತ್ತು ವರ್ಷ ಇಟ್ಟುಕೊಂಡು ಆಮೇಲೆ ವಿಲೇವಾರಿ ಮಾಡುತ್ತಾರೆ. ಹಳೆಯ ನೋಂದಣಿ ಪುಸ್ತಕ ತೆರೆದಿಟ್ಟು, ನಂಬರು ತಾಳೆ ನೋಡಿ ಡಬ್ಬಿಗೆ ಹಾಕುವ ಕೆಲಸವೂ ಮೇಣದಮ್ಮನದೇ. ಈ ತಿಂಗಳು ತಂಗಿಯ ವರ್ಷದ ಸರದಿ. ಮೂರು ವಾರದಿಂದ ಅವಳ ಅಚ್ಚಿರುವ ಒಂದು ಡ್ರಾಯರನ್ನು ಮಾತ್ರ ನಾಳೆ ನಾಳೆ ಎಂದು ಮುಂದೂಡುತ್ತಲೇ ಇದ್ದಾರೆ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ಸಂಬಳದ ಮಾತಿಲ್ಲ, ಸನ್ಮಾನದ ಮಾತಿಲ್ಲ. "ಈ ಹುಡುಗಿ ಒಂದ್ಸಲ ಕೇಳಿಬಿಟ್ರೆ ಸಾಕು. ಸುಳ್ಳು ಹೇಳಲ್ಲ. ನಾನಾಗೇ ಹೇಳೋಕೆ ಆಗ್ತಿಲ್ಲ. ಅಮ್ಮನ ರಿಪೋರ್ಟ್ ಅವಳ ಕಪಾಟಿನಲ್ಲೇ ಇದೆ, ಓದಿದಾಳೆ. ಓದಿ ಮತ್ತೆ ಅಲ್ಲೇ ಇಟ್ಟಿದಾಳೆ."

ಒಂಬತ್ತಾಗುತ್ತದೆ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹೊರಕೋಣೆಗೆ ಬರುತ್ತಾರೆ. ಹುಡುಗಿಯ ಬೆನ್ನ ಹಿಂದೆ ನಿಂತು ಬಿಚ್ಚಿಹೋದ ಕೂದಲನ್ನು ಮತ್ತೆ ಮೂರು ಎಳೆ ಮಾಡುತ್ತಾರೆ. ಹುಡುಗಿ ತಿರುಗುವುದಿಲ್ಲ. ಮೇಜಿನ ಮೇಲೆ ನೋಂದಣಿ ಪುಸ್ತಕ ತೆರೆದೇ ಇದೆ, ಅವಳ ಬೆರಳು ಒಂದು ಸಾಲಿನ ಮೇಲಿದೆ.

"ದೊಡ್ಡಮ್ಮಾ, ಇದು ಅಮ್ಮನ ನಂಬರು. ರಿಪೋರ್ಟಲ್ಲಿ ಹದಿನೆಂಟನೇ ತಾರೀಕಿದೆ. ಇಲ್ಲಿ 'ಬಣ್ಣ ನೋಡಿದೆ' ಅಂತ ಹದಿನಾಲ್ಕಕ್ಕೇ ನಿನ್ನ ಸಹಿ ಇದೆ."

ಮೇಣದಮ್ಮ ಮೂರು ಎಳೆಯನ್ನೂ ಬಿಟ್ಟು ಆ ಸಾಲಿನತ್ತ ಬಾಗುತ್ತಾರೆ.

"ಅಮ್ಮಂಗಿಂತ ಮುಂಚೆ ನಿಂಗೆ ಗೊತ್ತಿತ್ತಾ?"