ಬರ್ಕಾದ ಎದುರು ಹಚ್ಚದ ದೀಪ

ಮಕ್ಕಳೇ, ನಿಮ್ಮಷ್ಟೇ ಚಿಕ್ಕವನಿದ್ದಾಗ ನಾನು ಮೊದಲ ಸಲ ಈ ಒಮಾನಿಗೆ ಬಂದದ್ದು ಮಂಜಿಯಲ್ಲಿ. ಮಂಜಿಯೆಂದರೆ ಹಾಯಿ ಕಟ್ಟಿ ಗಾಳಿಯಲ್ಲಿ ಓಡಿಸುವ ಮರದ ಹಡಗು. ನಗಬೇಡಿ, ಅದರಲ್ಲಿ ಎ.ಸಿ.ಯೂ ಇರಲಿಲ್ಲ, ಕಕ್ಕಸೂ ಇರಲಿಲ್ಲ. ಅಪ್ಪ ಅದರ ತಂಡೇಲ, ಹಡಗು ನಡೆಸುವವನು. ಚಿಕ್ಕಪ್ಪನದು ಇನ್ನೊಂದು ಮಂಜಿ. ಇಬ್ಬರೂ ಮಂಗಳೂರಿನಿಂದ ಹೆಂಚು ತುಂಬಿಕೊಂಡು ಬಂದು, ಇಲ್ಲಿಂದ ಖರ್ಜೂರ ಒಯ್ಯುತ್ತಿದ್ದರು. ಹೆಂಚಿನ ಧೂಳು, ಮೀನೆಣ್ಣೆ, ಒದ್ದೆ ಹಗ್ಗದ ವಾಸನೆಯಲ್ಲೇ ನಾನು ಉಂಡು ಮಲಗುತ್ತಿದ್ದೆ.

ಆಗ ಎರಡನೇ ಮಹಾಯುದ್ಧ. ಒಲೆಯ ಸುತ್ತ ಕೂತ ಖಲಾಸಿಗಳಿಗೆ ಅದೇ ಮಾತು. ಇಂಗ್ಲಿಷರ ಕಡೆ ಹಡಗು ಹೆಚ್ಚು, ಎಣ್ಣೆ ಹೆಚ್ಚು, ದಾರಿಯ ಬಂದರುಗಳೆಲ್ಲ ಅವರವೇ, ಅವರೇ ಗೆಲ್ಲುವುದು ಎಂದು ಒಬ್ಬ. ಜರ್ಮನಿ, ಜಪಾನಿನವರಿಗೆ ನೀರಿನಡಿ ಬರುವ ಸಬ್‌ಮರೀನ್ ಉಂಟು, ಕಾಣದವನನ್ನು ಹೊಡೆಯುವುದು ಹೇಗೆ ಎಂದು ಇನ್ನೊಬ್ಬ. ನಮ್ಮ ಮಂಜಿಗೆ ಹೊಗೆಯಿಲ್ಲ, ಸದ್ದಿಲ್ಲ, ಕತ್ತಲಲ್ಲಿ ನಮ್ಮನ್ನು ಯಾರೂ ಕಾಣಲಾರರು, ನಮಗೆ ಅಷ್ಟು ಅನುಕೂಲ ಸಾಕು ಎನ್ನುತ್ತಿದ್ದ ಅಪ್ಪ.

ಹೆಂಚು ಇಳಿಸಲು ಮಸ್ಕತ್ತಿನಿಂದ ನಮ್ಮ ಈ ಬರ್ಕಾ ಊರಿಗೆ ಎರಡೂ ಮಂಜಿಗಳು ಒಟ್ಟಿಗೆ ಹೊರಟವು. ಹಾಯಿ ಹರಿದು ಚಿಕ್ಕಪ್ಪ ಹಿಂದೆ ಬಿದ್ದ. ಬರ್ಕಾದ ಎದುರು ನಾವು ಲಂಗರು ಹಾಕುವಾಗ ಹೊತ್ತು ಮುಳುಗುತ್ತಿತ್ತು. ಇಲ್ಲಿ ಕಡಲ ನಡುವೆ ಕಲ್ಲಿನ ದ್ವೀಪಗಳಿವೆಯಲ್ಲ, ನೀವು ಬೋಟಿನಲ್ಲಿ ಆಮೆ ನೋಡಲು ಹೋಗಿದ್ದಿರಿ, ಅವೇ. ಮೊದಲು ತಲುಪಿದವರು ಹಾಯಿಮರಕ್ಕೆ ಲಾಟೀನು ಏರಿಸಬೇಕು, ಹಿಂದಿನವರು ಅದನ್ನು ನೋಡಿಕೊಂಡು ಕಲ್ಲು ತಪ್ಪಿಸಿ ಬರಬೇಕು ಎಂಬುದು ಅಣ್ಣತಮ್ಮಂದಿರ ಕಟ್ಟಳೆ. ಆದರೆ ಆ ಸಲ ದೀಪ ಹಚ್ಚಕೂಡದೆಂದು ಮಸ್ಕತ್ತಿನಲ್ಲಿ ಇಂಗ್ಲಿಷರ ಅಪ್ಪಣೆಯಾಗಿತ್ತು. ಹತ್ತಿರದಲ್ಲೇ ಸಬ್‌ಮರೀನ್ ಕಂಡಿತ್ತಂತೆ.

ಅಪ್ಪ ಲಾಟೀನು ಹಿಡಿದು ಬಹಳ ಹೊತ್ತು ನಿಂತ. ಹಚ್ಚಿದರೆ ನಮ್ಮೆಲ್ಲರ ಪ್ರಾಣಕ್ಕೆ ಅಪಾಯ, ಹಚ್ಚದಿದ್ದರೆ ಚಿಕ್ಕಪ್ಪನ ಪ್ರಾಣಕ್ಕೆ. ನನ್ನ ಮುಖ ನೋಡಿದ. ಆಮೇಲೆ ಲಾಟೀನನ್ನು ಕೆಳಗಿಟ್ಟ.

"ದೀಪ ಬೇಡ ಮಾರಾಯ್ರೆ," ಎಂದ ಖಲಾಸಿಗಳಿಗೆ. "ತಮ್ಮನಿಗೆ ದಾರಿ ಗೊತ್ತುಂಟು."

ಒಲೆಯನ್ನೂ ಆರಿಸಿದರು. ತಣ್ಣನೆಯ ಗಂಜಿಯನ್ನು ಕತ್ತಲಲ್ಲೇ ಉಂಡೆವು. ಆ ರಾತ್ರಿ ಯಾವ ಸಬ್‌ಮರೀನೂ ಬರಲಿಲ್ಲ. ಬೆಳಗ್ಗೆ ಚಿಕ್ಕಪ್ಪನ ಮಂಜಿಯ ಹಲಗೆಗಳು ತೇಲಿ ಬಂದವು. ಒಂದು ಹಲಗೆಯನ್ನು ಅಪ್ಪಿ ಹಿಡಿದಿದ್ದ ಖಲಾಸಿಯನ್ನು ನಮ್ಮವರು ಮೇಲೆತ್ತಿದರು. ಮಂಜಿ ಕಲ್ಲಿಗೆ ಬಡಿದು ಒಡೆಯಿತು, ಹೆಂಚಿನ ಭಾರಕ್ಕೆ ಸೀದಾ ತಳ ಸೇರಿತು, ಚಿಕ್ಕಪ್ಪನೂ ಹೋದ ಎಂದು ನಡುಗುತ್ತಾ ಹೇಳಿದ. ಅಪ್ಪಣೆ ಚಿಕ್ಕಪ್ಪನಿಗೂ ಗೊತ್ತಿತ್ತಲ್ಲವೇ ಎಂದು ಅಪ್ಪ ಕೇಳಿದ. ಖಲಾಸಿ ಹೌದೆಂದು ತಲೆಯಾಡಿಸಿದ.

"ಆದ್ರೂ ಅಣ್ಣ ಹಚ್ಚದೆ ಇರ್ಲಿಕ್ಕಿಲ್ಲ ಅಂತ, ಕಡೆವರೆಗೂ ನಿಮ್ಮ ದೀಪ ಹುಡುಕ್ತಾ ಇದ್ರು."

ಅಪ್ಪ ಹಗ್ಗದ ಸುರುಳಿಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅವನು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸಂಕಟಕ್ಕಿಂತ ಹೆಚ್ಚು ನನಗೆ ಹೆದರಿಕೆಯಾಯಿತು.

ಈಗ ಇದೇ ಬರ್ಕಾದ ನಮ್ಮ ಮನೆಯ ಮಾಳಿಗೆಯಿಂದ ನೋಡಿದರೆ ಕಡಲ ತುಂಬ ಹಡಗಿನ ದೀಪಗಳು. ಬೀದಿದೀಪದ ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ನೀವು ಪರದೆ ಎಳೆದು ಮಲಗುತ್ತೀರಿ. ಮಲಗಿ, ನನಗೇನೂ ಬೇಸರವಿಲ್ಲ. ನಿನ್ನೆ ನಿಮ್ಮಲ್ಲಿ ದೊಡ್ಡವಳು ಆ ಯುದ್ಧದಲ್ಲಿ ಯಾವ ಕಡೆಗೆ ಏನು ಅನುಕೂಲವಿತ್ತೆಂದು ಪರೀಕ್ಷೆಗೆ ಓದುತ್ತಿದ್ದಳು.

"ಅಜ್ಜಾ, ಬ್ರಿಟನ್ ಸೈಡಿಗೆ ಎಷ್ಟೊಂದು ಶಿಪ್ಸ್ ಇತ್ತು ಗೊತ್ತಾ? ಸ್ವಲ್ಪ ಮುಳುಗಿದ್ರೂ ದೇ ಹ್ಯಾಡ್ ಮೋರ್," ಎಂದಳು.

ಪುಸ್ತಕದಲ್ಲಿರುವುದು ಸರಿಯೇ ಮಗಾ, ಹಾಗೆಯೇ ಬರೆ, ಮಾರ್ಕು ಸಿಗುತ್ತದೆ. ಆದರೆ ನಮ್ಮ ಮನೆಗೆ ಇದ್ದದ್ದು ಒಬ್ಬನೇ ಚಿಕ್ಕಪ್ಪ.