ಬಡಗಿಯ ಬಲಗೈ

"ರೀ, ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಳ್ಳಿ," ಅಂದಳು ಬಡಗಿಯ ಹೆಂಡತಿ.

"ಬಾಯಿಗ್ಯಾಕೆ? ಕೈಗೇ ಹಾಕ್ತಾರಂತಲ್ಲ," ಅಂದ ಬಡಗಿ.

ಅವಳು ಗಂಡನ ಹಿಂದೆ ನಿಂತು ಚರ್ಮದ ಪಟ್ಟಿಯ ಬಕಲ್ ಬಿಗಿಯುತ್ತಿದ್ದಳು. ಅದು ಸರಿಯಾಗಿ ಎರಡು ಭುಜಗಳ ನಡುವೆ, ಬೆನ್ನ ಮೇಲೆ ಬರುತ್ತಿತ್ತು. ಅವನ ಕೈಗೆ ಎಟುಕದ ಜಾಗ. ಹಾಕೋದಕ್ಕೂ ಬಿಚ್ಚೋದಕ್ಕೂ ಇನ್ನೊಬ್ಬರೇ ಬೇಕು. ಪಟ್ಟಿಯಿಂದ ಒಂದು ತಂತಿ ತೋಳಿನುದ್ದಕ್ಕೂ ಇಳಿದು ಬಲಗೈಗೆ ಸೇರುತ್ತಿತ್ತು. ಬಲಗೈ ಅಂದರೆ ಹುಟ್ಟಿದಾಗ ಬಂದದ್ದಲ್ಲ. ಅದನ್ನು ಕಾಲೇಜಿನ ಮರಗೆಲಸದ ಶೆಡ್ಡಿನಲ್ಲಿ ಗರಗಸದ ಯಂತ್ರ ಮಣಿಕಟ್ಟಿನವರೆಗೆ ತಿಂದುಹಾಕಿತ್ತು. ಇದು ಅಲ್ಯೂಮಿನಿಯಂ, ರಬ್ಬರು, ಸ್ಪ್ರಿಂಗು ಸೇರಿಸಿ ಮಾಡಿದ ಕೈ. ಭುಜ ಮುಂದಕ್ಕೆ ತಂದರೆ ತಂತಿ ಎಳೆದು ಬೆರಳು ತೆರೆಯುತ್ತವೆ. ಭುಜ ಸುಮ್ಮನೆ ಬಿಟ್ಟರೆ ಮುಚ್ಚಿಕೊಂಡು, ಹಿಡಿದದ್ದನ್ನು ಹಿಡಿದೇ ಇರುತ್ತವೆ. ದಿನಾ ಅಂಗಿಯ ಒಳಗೆ ಹಾಕಿಕೊಳ್ಳುತ್ತಿದ್ದ ಪಟ್ಟಿ ಇವತ್ತು ಅಂಗಿಯ ಮೇಲಿತ್ತು. ಜನಕ್ಕೆ ಕಾಣಬೇಕು ಅಂತ ಮೇಲಿನಿಂದ ಅಪ್ಪಣೆಯಾಗಿತ್ತು.

"ಆ ಹುಡುಗಿ ಮುಖ ನೋಡಿಯಾದ್ರೂ ಸುಮ್ಮನಿರಿ. ಅವಳ ದಿನ ಇದು."

"ಕೊಟ್ಟು ಬರ್ತೀನಿ ಅಂದ್ನಲ್ಲ! ಎಷ್ಟು ಸಲ ಹೇಳ್ಬೇಕು ನಿಂಗೆ?"

ಹೆಂಡತಿ ಮುಂದೆ ಬಂದು ಅವನ ಮುಖ ನೋಡಿದಳು. ಬಾಯಿ ಕೊಡ್ತೀನಿ ಅನ್ನುತ್ತಿತ್ತು, ದವಡೆ ಕಲ್ಲು ಅಗಿಯುತ್ತಿತ್ತು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ತಿಳಿಯೋದಿಲ್ಲವೇ? ಅವಳು ಒಂದಕ್ಷರವನ್ನೂ ನಂಬಲಿಲ್ಲ.

ಈ ಬಡಗಿಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಬಾಗಿಲು ಸರಿಯಾಗಿ ಹಾಕಿಕೊಳ್ಳದ ಪ್ರೊಫೆಸರುಗಳಿಗೂ ಬೈದವನು. "ಓದಿದೋರಪ್ಪಾ, ಬಾಗಿಲು ಎಳೆಯೋಕೆ ಬರಲ್ಲ," ಅಂತ ಮುಖದ ಮೇಲೇ ಅನ್ನುತ್ತಿದ್ದ. ಆದರೂ ಯಾರೂ ದೂರು ಕೊಟ್ಟಿರಲಿಲ್ಲ. ಕಾಲೇಜಿನ ಬೆಂಚು, ಮೇಜು, ಕಪಾಟು ಎಲ್ಲಾ ಅವನ ಕೈಯಿಂದಲೇ ಬಂದದ್ದು. ಕೈ ಹೋದ ದಿನ ಅವನನ್ನು ತಮ್ಮ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದವರು ಯಂತ್ರ ವಿಭಾಗದ ಮುಖ್ಯಸ್ಥರು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಬಡಗಿಯ ಮಣಿಕಟ್ಟು. ರಕ್ತವಾದ ಅವರ ಅಂಗಿ ಮತ್ತೆ ಒಗೆಯೋ ಹಾಗಿರಲಿಲ್ಲವಂತೆ.

ಗಾಯ ಮಾಗಿದ ಮೇಲೆ ಕಾಲೇಜಿನವರು ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ಆಫೀಸಿನ ಬಾಗಿಲಲ್ಲಿ ಒಂದು ಸ್ಟೂಲು ಹಾಕಿ ಕೂರಿಸಿದರು. ಗಂಟೆ ಬಾರಿಸೋದು, ಫೈಲು ಒಯ್ಯೋದು, ಬಂದವರಿಗೆ "ಇದ್ದಾರೆ, ಇಲ್ಲ" ಅನ್ನೋದು. ದೊಡ್ಡ ಉಪಕಾರವೇ, ಯಾರು ಇಲ್ಲ ಅಂದರು? ಆದರೆ ಮರ ಮುಟ್ಟಿ ಬದುಕಿದವನನ್ನು ಸ್ಟೂಲಿಗೆ ಅಂಟಿಸಿದರೆ ಅವನು ಏನಾಗಬೇಕು? ಎಡಗೈಯಲ್ಲಿ ಸುತ್ತಿಗೆ ಹಿಡಿಯಬಹುದು, ಮೊಳೆ ಹಿಡಿಯೋರು ಯಾರು? ಬೈಗುಳ ನಿಂತುಹೋಯಿತು. ಮನೆಯಲ್ಲಿ ಅವನು ಸುಮ್ಮನೆ ಗೋಡೆ ನೋಡುತ್ತಾ ಕೂತರೆ ಹೆಂಡತಿಗೆ ಎದೆ ಒಡೆಯುತ್ತಿತ್ತು. ಬೈದರೂ ಸಾಕಿತ್ತು ಅನ್ನಿಸುತ್ತಿತ್ತು.

ಆಗ ಬಂದಳು ಕೊನೆಯ ವರ್ಷದ ಒಬ್ಬ ಹುಡುಗಿ. ಜೇಬಿನ ತುಂಬಾ ತುಂಡು ತಂತಿ, ತಲೆಗೂದಲಿಗೂ ತಂತಿಯದೇ ಕ್ಲಿಪ್ಪು. ಕಾಲೇಜಿನಲ್ಲೆಲ್ಲ ಅವಳಿಗೆ 'ತಂತಿ' ಅಂತಲೇ ಹೆಸರು. ಸ್ಟೂಲಿನ ಮುಂದೆ ನಿಂತು, "ಮಾವ, ನಿಮ್ಮ ತೋಳಿನ ಅಳತೆ ಕೊಡ್ತೀರಾ?" ಅಂದಳು.

"ಹೋಗಮ್ಮ, ಅಂಗಡೀಲಿ ಗೊಂಬೆ ಸಿಗುತ್ತೆ. ಅದರ ಅಳತೆ ತಗೋ."

ಅವಳು ಮಾರನೇ ದಿನ ಮತ್ತೆ ಬಂದಳು. ಅದರ ಮಾರನೇ ದಿನವೂ. ಕಾಟ ತಾಳಲಾರದೆ ತೋಳು ಚಾಚಿದ. ಮೊದಲು ಮಾಡಿದ ಕೈ ಲೋಟ ಹಿಡಿದು ಪುಡಿ ಮಾಡಿತು. ಆಮೇಲಿನದು ಏನನ್ನೂ ಹಿಡಿಯದೆ ಸೋಮಾರಿಯಾಯಿತು. ಇಬ್ಬರೂ ಶೆಡ್ಡಿನಲ್ಲಿ ಕೂತು ಹಾವು ಮುಂಗುಸಿಯ ಹಾಗೆ ಜಗಳವಾಡಿದರು. ಹೊರಗಿನವರಿಗೆ ಕೇಳಿಸುವಷ್ಟು ಜೋರಾಗಿ ಬಡಗಿ ಮತ್ತೆ ಬೈಯತೊಡಗಿದ್ದ. ಕಡೆಗೂ ಒಂದು ಕೈ ಹೇಳಿದ ಮಾತು ಕೇಳಿತು. ಅದನ್ನು ಹಾಕಿಕೊಂಡು ಅವನು ಹಲಗೆಯ ಮೇಲೆ ಮರ ನುಣುಪು ಮಾಡೋ ತೋಪಡ ಓಡಿಸಿದ ದಿನ, ಉದ್ದಕ್ಕೂ ಸುರುಳಿಯಾಗಿ ಮರದ ಸಿಪ್ಪೆ ಎದ್ದು ಬಂತು. ಅವನು ನಕ್ಕ, ಅತ್ತ, "ಏನು ನೋಡ್ತೀಯ, ಹೋಗು ಕಾಫಿ ತಗೊಂಡು ಬಾ," ಅಂತ ಹುಡುಗಿಗೆ ಗದರಿದ. ಸ್ಟೂಲು ಖಾಲಿಯಾಯಿತು. ಬಡಗಿ ಶೆಡ್ಡಿಗೆ ಮರಳಿದ.

ಅಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಕೈಗೆ ಬಹುಮಾನ ಬಂತು! ಎಲ್ಲ ಕಾಲೇಜುಗಳ ಸ್ಪರ್ಧೆಯಲ್ಲಿ ಮೊದಲನೆಯದು. ಹುಡುಗಿಗೆ ಚಿನ್ನದ ಪದಕ, ಅವಳಿಗೆ ದಾರಿ ತೋರಿಸಿದ ಮುಖ್ಯಸ್ಥರಿಗೆ ಉತ್ತಮ ಮಾರ್ಗದರ್ಶಕ ಅನ್ನೋ ಗೌರವ. ಈ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಸಾಧಕರ ದಿನ, ಅವತ್ತು ಸಾಧನೆ ಮಾಡಿದ ವಸ್ತುವನ್ನೇ ಎಲ್ಲರೆದುರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕೋದು. 'ಗಾಜಿಗೇರಿಸೋದು' ಅನ್ನುತ್ತಿದ್ದರು. ಆಟದಲ್ಲಿ ಗೆದ್ದ ಕಪ್ಪು, ಪುಸ್ತಕ, ಯಾರೋ ಹುಡುಕಿದ ಹೊಸ ಜಾತಿಯ ಚಿಟ್ಟೆ, ಎಲ್ಲಾ ಹಾಗೇ ಏರಿ ಕಾರಿಡಾರಿನಲ್ಲಿ ಸಾಲಾಗಿ ನಿಂತಿದ್ದವು. ಏರಿದ್ದು ಇಳಿದ ಉದಾಹರಣೆ ಇರಲಿಲ್ಲ.

ಮುಖ್ಯಸ್ಥರು ಶೆಡ್ಡಿಗೆ ಬಂದು ಹೊಸ ಪೆಟ್ಟಿಗೆ ಮಾಡಲು ಹೇಳಿದ್ದರು.

"ಯಾವುದಕ್ಕೆ ಸಾರ್? ಅಳತೆ ಬೇಕಲ್ಲ."

"ಇದಕ್ಕೇ ಕಣಯ್ಯಾ," ಅಂತ ಅವರು ಪೆನ್ನಿನಿಂದ ಅವನ ಬಲಗೈಯನ್ನು ತಟ್ಟಿದ್ದರು.

ಅಲ್ಲ ಸ್ವಾಮಿ, ಚಿಟ್ಟೆ ಸತ್ತಿತ್ತು. ಕೈ ಸತ್ತಿತ್ತೇ? ಆ ಮನುಷ್ಯ ದುಷ್ಟನಲ್ಲ, ಅದೇ ಸಂಕಟ. ಬಹುಮಾನ ಬಂದದ್ದೆಲ್ಲ ಗಾಜಿಗೇರಬೇಕು ಅಂತ ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಆ ವಾರವೇ ಕಾಲೇಜಿನ ಯೋಗ್ಯತೆ ಅಳೆಯೋ ತಂಡ ಬೇರೆ ಬರುವುದರಲ್ಲಿತ್ತು. ಕಾರಿಡಾರಿನಲ್ಲಿ ಈ ಕೈ ಹೊಳೆಯಬೇಕು ಅಂತ ಅವರಿಗೆ ಆಸೆ.

"ಮತ್ತೆ ನಾನು ಸಾರ್?"

"ಇನ್ನೊಂದು ಮಾಡಿಸೋಣ."

"ಯಾವಾಗ?"

"ಮಾಡಿಸೋಣ ಅಂದ್ನಲ್ಲಯ್ಯಾ!"

ಆ ಕಾಲೇಜಿನ 'ಮಾಡಿಸೋಣ' ಬಡಗಿಗೆ ಹೊಸದಲ್ಲ. ಶೆಡ್ಡಿನ ಸೋರುವ ಮೂಲೆಯನ್ನು ಮಾಡಿಸೋಣ ಅಂದವರು ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದರು. ಹುಡುಗಿಯೂ ಓದು ಮುಗಿಸಿ ಹೊರಡುವವಳು. ಅವಳು ಮುಖ್ಯಸ್ಥರ ಹತ್ತಿರ ವಾದ ಮಾಡಿ ಬೈಸಿಕೊಂಡು ಬಂದಳು ಅಂತ ಆಫೀಸಿನವರು ಹೇಳಿದರು. ಅವಳ ಮುಂದಿನ ಓದಿಗೆ ಅವರದೇ ಶಿಫಾರಸು ಬೇಕಿತ್ತು, ಅವರನ್ನು ಎದುರು ಹಾಕಿಕೊಂಡರೆ ಗತಿಯೇನು? ಬಡಗಿಗೆ ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಯಿತು, ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ಆ ಕೈಯಿಂದಲೇ ಪೆಟ್ಟಿಗೆ ಮಾಡಿದ. ಒಂದೊಂದು ಮೂಲೆ ಕೂಡಿಸುವಾಗಲೂ ಶಾಪ ಹಾಕಿದ. ಆದರೂ ಕೆಲಸ ಕೆಡಿಸಲಿಲ್ಲ, ಕೆಡಿಸೋದು ಅವನಿಗೆ ಗೊತ್ತಿರಲಿಲ್ಲ.

ಸಭಾಂಗಣ ತುಂಬಿ ಬಾಗಿಲಲ್ಲೂ ಜನ ನಿಂತಿದ್ದರು. ವೇದಿಕೆಯ ಕೊನೆಯ ಕುರ್ಚಿ ಬಡಗಿಯದು. ಪಕ್ಕದ ಮೇಜಿನ ಮೇಲೆ ಹಸಿರು ಮಖಮಲ್ಲು ಹಾಸಿದ ಗಾಜಿನ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ಈಜಿನಲ್ಲಿ ಬೆಳ್ಳಿ ಗೆದ್ದ ಹುಡುಗ ಬಂದ, ಸ್ನೇಹಿತರು ಶಿಳ್ಳೆ ಹಾಕಿದರು. ರಸಾಯನಶಾಸ್ತ್ರದ ಮೇಡಂ ಬಂದರು, ಅವರ ಪ್ರಬಂಧದ ಹೆಸರು ಓದುವಷ್ಟರಲ್ಲಿ ಮೈಕ್ ಹಿಡಿದವನಿಗೇ ಉಸಿರು ಕಟ್ಟಿತು. ಚರ್ಚೆಯಲ್ಲಿ ಗೆದ್ದ ಇಬ್ಬರು ಕಪ್ಪು ಯಾರು ಹಿಡಿಯಬೇಕು ಅಂತ ವೇದಿಕೆಯಲ್ಲೇ ಚರ್ಚೆ ಶುರು ಮಾಡಿದರು. ಎಲ್ಲರೂ ನಗುತ್ತಿದ್ದರು. ಬಡಗಿಯ ಅಂಗಿ ಮಾತ್ರ ಬೆನ್ನಿಗೆ ಅಂಟಿತ್ತು. ಅವನು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡಿದ್ದ, ಸಂತೆಯಲ್ಲಿ ಮಗುವಿನ ಕೈ ಹಿಡಿದ ಹಾಗೆ.

ಕಡೆಗೆ ಮುಖ್ಯಸ್ಥರು ಮೈಕಿಗೆ ಬಂದರು. ಹುಡುಗಿಯನ್ನು ಬಾಯಿ ತುಂಬಾ ಹೊಗಳಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಈಗ ನಮ್ಮ ಬಡಗಿ ಅತಿಥಿಗಳ ಕೈ ಕುಲುಕುತ್ತಾರೆ. ಆಮೇಲೆ ಈ ಕೈ ಶಾಶ್ವತವಾಗಿ ಕಾಲೇಜಿನ ಹೆಮ್ಮೆಯಾಗಿ ಗಾಜಿಗೇರುತ್ತೆ," ಅಂದರು.

ಚಪ್ಪಾಳೆ ಬಿತ್ತು. ಬಡಗಿ ಎದ್ದ. ಅತಿಥಿ ಬೆಳ್ಳಿ ಕೂದಲಿನ ಹಿರಿಯರು, ದೊಡ್ಡ ಹುದ್ದೆಯಲ್ಲಿದ್ದವರು. ನಗುತ್ತಾ ಕೈ ಮುಂದೆ ಚಾಚಿದರು. ಬಡಗಿ ಭುಜ ಮುಂದಕ್ಕೆ ತಂದ, ಬೆರಳು ತೆರೆದವು. ಭುಜ ಬಿಟ್ಟ, ಬೆರಳು ಅವರ ಕೈಯನ್ನು ಹಿಡಿದವು. ಫೋಟೋ ತೆಗೆದದ್ದಾಯಿತು. ಅತಿಥಿ ಕೈ ಎಳೆದುಕೊಂಡರು.

ಕೈ ಬರಲಿಲ್ಲ.

ಶಾಶ್ವತವಾಗಿ! ಆ ಒಂದು ಮಾತು ಬಡಗಿಯ ತಲೆಗೆ ಏರಿ ಕೂತಿತ್ತು. ನಾಳೆ ಬೆಳಿಗ್ಗೆಯಿಂದ ಮತ್ತೆ ಸ್ಟೂಲು, ಮತ್ತೆ ಗಂಟೆ. ಕೊಟ್ಟು ಬರ್ತೀನಿ ಅಂತ ಮನೆಯಲ್ಲಿ ಹೇಳಿದ್ದು ನಿಜ. ಈಗ ಭುಜ ಒಪ್ಪುತ್ತಿರಲಿಲ್ಲ. ಅವನು ಏನೂ ಮಾಡಲಿಲ್ಲ. ಸುಮ್ಮನೆ ನಿಂತ. ಸುಮ್ಮನೆ ನಿಂತರೆ ಸಾಕಾಗಿತ್ತು.

ಅತಿಥಿ ಮತ್ತೆ ಎಳೆದರು. ನಗು ಕರಗಿತು. "ಬಿಡಪ್ಪಾ," ಅಂದರು ಮೆಲ್ಲಗೆ.

"ಯಂತ್ರ ಕೈಕೊಡ್ತು ಕಣ್ರೋ!" ಅಂತ ಹಿಂದಿನ ಸಾಲಿನಿಂದ ಯಾವನೋ ಕೂಗಿದ. ಸಭೆಯೆಲ್ಲ ಗೊಳ್ಳೆಂದಿತು. ಮುಖ್ಯಸ್ಥರ ಮುಖ ಸುಣ್ಣ ಬಳಿದ ಗೋಡೆಯಾಯಿತು. "ಬಿಡಯ್ಯಾ, ಬಿಡು! ಏನಾಯ್ತು, ಸಿಕ್ಕಿಹಾಕಿಕೊಳ್ತಾ?" ಅಂತ ಪಿಸುಗುಟ್ಟಿದರು. ಮುಂದಿನ ಸಾಲಿನಲ್ಲಿ ಬಹುಮಾನ ಕೊಟ್ಟ ಸಂಸ್ಥೆಯವರು ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಹೇಳಿಕೊಂಡರು.

ಹುಡುಗಿ ಓಡಿ ಬಂದಳು. ಬಂದವಳು ಮೊದಲು ಕೈ ನೋಡಲಿಲ್ಲ, ಭುಜ ನೋಡಿದಳು. ತಂತಿ ಜೋತುಬಿದ್ದಿತ್ತು. ಎಲ್ಲೂ ಸಿಕ್ಕಿರಲಿಲ್ಲ. ಅವಳಿಗೆ ಅರ್ಥವಾಯಿತು. ಬಡಗಿಯ ಕಣ್ಣನ್ನು ಒಂದು ಸಲ ನೋಡಿ ತಲೆ ತಗ್ಗಿಸಿದಳು. ಮಾವ ಬೇಕಂತಲೇ ಹಿಡಿದಿದ್ದಾರೆ ಅಂತ ಒಂದು ಮಾತು ಹೇಳಿದ್ದರೆ ಅವಳ ಮಾನ ಉಳಿಯುತ್ತಿತ್ತು. ಹೇಳಲಿಲ್ಲ. ಸಭೆ ನಗುತ್ತಿತ್ತು, ಆ ನಗುವೆಲ್ಲ ಅವಳ ಮೇಲೆ ಬೀಳುತ್ತಿತ್ತು. ಕುತ್ತಿಗೆಯಲ್ಲಿ ಪದಕ ತೂಗುತ್ತಿತ್ತು.

ಛೇ, ನಾನೆಂಥ ಮನುಷ್ಯ, ಅನ್ನಿಸಿತು ಬಡಗಿಗೆ. ಹೊಡೆತ ಹೋಗಿ ಯಾರ ಮೇಲೆ ಬಿತ್ತು! ಭುಜ ಮುಂದಕ್ಕೆ ತಂದ. ಬೆರಳು ಮೆಲ್ಲಗೆ ತೆರೆದುಕೊಂಡವು.

ಅತಿಥಿ ಕೈ ಉಜ್ಜಿಕೊಂಡು, "ಹಿಡಿತ ಭದ್ರವಾಗಿದೆ," ಅಂದರು.

ಬಡಗಿ ನೇರ ಮೈಕಿಗೆ ಹೋದ. ಬಾಯಿಯ ಬೀಗ ಎಲ್ಲಿ ಬಿತ್ತೋ ಏನೋ.

"ಯಂತ್ರ ಕೆಟ್ಟಿಲ್ಲ. ಹುಡುಗಿ ಮಾಡಿರೋ ಕೆಲಸದಲ್ಲಿ ಒಂದು ಕೂದಲೆಳೆಯಷ್ಟು ತಪ್ಪಿಲ್ಲ. ಹಿಡ್ಕೊಂಡಿದ್ದು ನಾನು. ಬೇಕಂತಲೇ ಹಿಡ್ಕೊಂಡೆ. ದೊಡ್ಡೋರು, ಕ್ಷಮಿಸಬೇಕು. ಈ ಕೈ ಇಲ್ದಿದ್ರೆ ನಾನು ನಾಳೆಯಿಂದ ಸ್ಟೂಲಿನ ಮೇಲೆ ಕೂರ್ಬೇಕು. ನಂಗೆ ಕೂರೋಕೆ ಇಷ್ಟ ಇಲ್ಲ. ಅದಕ್ಕೇ ಹೀಗೆ ಮಾಡ್ದೆ. ತಪ್ಪಾಯ್ತು. ಈಗ ತಗೊಳ್ಳಿ."

ನಗು ನಿಂತಿತು. ಬಡಗಿ ಪರದೆಯ ಕಡೆ ಮುಖ ಮಾಡಿ, ಹುಡುಗಿಗೆ ಬೆನ್ನು ಕೊಟ್ಟು ನಿಂತ.

"ಬಿಚ್ಚು ಮಗಳೇ."

ಅವಳ ಬೆರಳು ಬಕಲ್ಲಿಗೆ ತಾಗಿದ್ದು ಅವನಿಗೆ ತಿಳಿಯಿತು. ತಾಗಿ, ಹಿಂದೆ ಹೋಯಿತು.

"ನನ್ನಿಂದಾಗಲ್ಲ ಮಾವ," ಅಂದಳು. ಆಮೇಲೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, "ಸಾರ್, ನಾನು ಇದನ್ನ ಹಾಕೋಕೆ ಅಂತ ಮಾಡ್ದೋಳು. ಬಿಚ್ಚೋದಾದ್ರೆ ನೀವೇ ಬಂದು ಬಿಚ್ಚಿ."

ಹೋಯಿತು ಇವಳ ಓದು, ಅಂದುಕೊಂಡ ಬಡಗಿ. ನನ್ನ ಹಾಳು ಕೋಪ ಇವಳನ್ನೂ ಮುಳುಗಿಸಿತು. ತಿರುಗಿ ನೋಡೋ ಧೈರ್ಯ ಬರಲಿಲ್ಲ. ಎದುರಿಗೆ ಪರದೆಯ ಮಡಿಕೆಗಳು ಮಾತ್ರ. ಬೂಟುಗಳು ಹಲಗೆಯ ಮೇಲೆ ನಡೆದು ಬಂದವು. ಹತ್ತಿರ ಬಂದು ನಿಂತವು. ಮುಖ್ಯಸ್ಥರ ಉಸಿರು ಅವನ ಕುತ್ತಿಗೆಗೆ ತಾಗಿತು.

ಬೇಗ ಬಿಚ್ಚಿಬಿಡಿ ಸಾರ್, ಅಂತ ಅವನು ಮನಸ್ಸಿನಲ್ಲೇ ಬೇಡಿಕೊಂಡ. ನಿಂತಷ್ಟೂ ಕಷ್ಟ.

ಬಕಲ್ಲಿನ ಮುಳ್ಳು ತೂತಿನಿಂದ ಹೊರಗೆ ಬಂತು. ಪಟ್ಟಿ ಸಡಿಲಾಯಿತು, ಭುಜದಿಂದ ಜಾರಿತು. ಬಲಗೈಯ ಭಾರ ಕೆಳಗೆ ಎಳೆಯಿತು. ಮುಗಿಯಿತು ಅಂತ ಬಡಗಿ ಕಣ್ಣು ಮುಚ್ಚಿದ.

ಪಟ್ಟಿ ಮತ್ತೆ ಭುಜವೇರಿತು. ಯಾರೋ ಅದನ್ನು ಹಿಂದಕ್ಕೆ ಜಗ್ಗಿ, ಬೆನ್ನಿಗೆ ಮೊಣಕೈ ಒತ್ತಿ, ಮೊದಲಿಗಿಂತ ಒಂದು ತೂತು ಮುಂದಕ್ಕೆ ಬಿಗಿದರು.

"ಸಡಿಲ ಇತ್ತು ಕಣಯ್ಯಾ," ಅಂದರು ಮುಖ್ಯಸ್ಥರು. "ಹೋಗು, ನಿನ್ನ ಕೆಲಸ ನೋಡು."