ಎರಡು ಮೈಲಿಗಾಗಿ ಮೂರು ವರ್ಷ

ಹೆದ್ದಾರಿಯಲ್ಲಿ ಹೋಗುವವರು ಫಲಕಗಳನ್ನು ಓದುತ್ತಾರೆಯೇ ಹೊರತು ಅವುಗಳನ್ನು ನಿಲ್ಲಿಸಿದವರನ್ನು ನೆನೆಯುವುದಿಲ್ಲ. ನೆನೆದರೂ ದಾರಿ ತಪ್ಪಿದಾಗ, ಅದೂ ಬೈಗುಳದ ರೂಪದಲ್ಲಿ. ಇಂಥ ಕೀರ್ತಿಯಿಲ್ಲದ ಕಾಯಕದಲ್ಲಿ ಇಪ್ಪತ್ತೇಳು ವರ್ಷ ಸವೆಸಿ, ಸರ್ಕಾರಿ ರಸ್ತೆ ಕಚೇರಿಯೊಂದರ ಫಲಕ ವಿಭಾಗದಿಂದ ಈ ಜೂನ್‌ನಲ್ಲಿ, ಅಂದರೆ 2008ರಲ್ಲಿ, ನಿವೃತ್ತರಾಗುತ್ತಿರುವ ಶ್ರೀ ಅಲೀಮ್ ಬಾಗವಾನ ಅವರು ಶಿಕಾಗೋ ಸೀಮೆಯ ಕನ್ನಡಿಗರಲ್ಲಿ ಈ ವಿದ್ಯೆ ಬಲ್ಲ ಏಕೈಕ ಹಿರಿಯರು. "ನಿಮ್ಮ ಹೆಸರನ್ನೂ ಒಂದು ರಸ್ತೆಗೆ ಇಡಿಸೋಣ" ಎಂದು ಗೆಳೆಯರು ಮೊನ್ನೆ ಹುರುಪಿನಿಂದ ಹೊರಟಾಗ ಅವರು ನಕ್ಕುಬಿಟ್ಟರು. "ಸ್ಮಾರಕ ಹೆಸರು ಬೇಕಂದ್ರ ಮೊದಲ ಸಾಯಬೇಕಾಗತೈತ್ರಿ. ಅಪ್ಲೈ ಮಾಡೂದು ಆಮ್ಯಾಲೆ."

ಬಿಜಾಪುರದಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿ, ರಾಚೆಸ್ಟರ್ ಹಿಲ್ಸ್‌ನ ಮೋಟಾರು ಬಿಡಿಭಾಗಗಳ ಕಂಪನಿಯೊಂದರಲ್ಲಿ ಮೂರು ಚಳಿಗಾಲ ಕಳೆದ ಅಲೀಮ್ ಅವರು, ಪತ್ನಿ ಖುರ್ಷೀದ್ ಅವರೊಡನೆ ಶಿಕಾಗೋ ಕಡೆಗೆ ಬಂದದ್ದು 1981ರಲ್ಲಿ. ಕಾರು ಮಾಡುವುದಕ್ಕಿಂತ ಕಾರು ಓಡುವ ದಾರಿ ನೋಡಿಕೊಳ್ಳುವುದು ಅವರಿಗೆ ಒಗ್ಗಿತು. ಮಡಿದ ಸೈನಿಕರ, ಪೊಲೀಸರ, ಶಾಸಕರ ಹೆಸರನ್ನು ಹೆದ್ದಾರಿಯ ತುಂಡೊಂದಕ್ಕೆ ಇಡಬೇಕಾದರೆ ಶಾಸನಸಭೆಯಲ್ಲಿ ನಿರ್ಣಯವಾಗಬೇಕು. ಆ ತುಂಡು ಯಾವ ಮೈಲಿಯಿಂದ ಯಾವ ಮೈಲಿಯವರೆಗೆ ಎಂದು ಬರೆದುಕೊಡುವುದು ಅವರ ಮೇಜಿನ ಕೆಲಸವಾಗಿತ್ತು. ಹದಿನೆಂಟು ವರ್ಷ ಆ ಹೆಸರುಗಳೆಲ್ಲ ಅವರಿಗೆ ಅಪರಿಚಿತರವು.

ಅದೇ ಇಲಾಖೆಯ ಹಳದಿ ನೆರವು ಗಾಡಿಯನ್ನು ಓಡಿಸುತ್ತಿದ್ದವರು ಗದಗಿನ ಕಡೆಯ ಉಪೇಂದ್ರ. ಕೆಟ್ಟು ನಿಂತ ಕಾರುಗಳಿಗೆ ಗಾಲಿ ಬದಲಿಸುವುದು, ಪೆಟ್ರೋಲು ಮುಗಿದವರಿಗೆ ಪೆಟ್ರೋಲು ಹಾಕುವುದು ಅವರ ಕೆಲಸ. ಲೆಮಾಂಟ್‌ನ ದೇವಸ್ಥಾನದಲ್ಲಿ ಹಬ್ಬದ ಊಟಕ್ಕೆ ಕುಳಿತಾಗ ಯಾರಾದರೂ "ಯಾವ ಕಂಪನಿ?" ಎಂದು ಕೇಳಿದರೆ, "ರೋಡ್ ಮ್ಯಾಲ ಇರ್ತೀನ್ರಿ" ಎನ್ನುತ್ತಿದ್ದರು. ಎಂಜಿನಿಯರು, ಡಾಕ್ಟರು ಎನಿಸಿಕೊಂಡ ನಾವು ಮೆಲ್ಲಗೆ ಮಾತು ಬದಲಿಸುತ್ತಿದ್ದೆವು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಅವರ ಪಕ್ಕಕ್ಕೆ ಎಲೆ ಹಾಕಿಸಿಕೊಂಡು ಕೂರುತ್ತಿದ್ದವರು ಅತಿಥಿಯಾಗಿ ಬರುತ್ತಿದ್ದ ಅಲೀಮ್ ಒಬ್ಬರೇ.

1999ರ ಜನವರಿಯಲ್ಲಿ, ಹಿಮ ಬಿದ್ದು ಥರ್ಮಾಮೀಟರು ಸೊನ್ನೆ ಫ್ಯಾರನ್‌ಹೀಟ್ ತೋರಿಸುತ್ತಿದ್ದ ಒಂದು ಬೆಳಿಗ್ಗೆ, ಉಪೇಂದ್ರ ಒಂದು ಸಂಸಾರವನ್ನು ತಮ್ಮ ಬೆಚ್ಚನೆಯ ಗಾಡಿಯಲ್ಲಿ ಕೂರಿಸಿ ಅವರ ಕಾರಿನ ಗಾಲಿ ಬಿಚ್ಚುತ್ತಿದ್ದರು. ಜಾರಿಬಂದ ಲಾರಿಯೊಂದು ಅವರನ್ನು ಅಲ್ಲೇ ಕೊಂದಿತು. ಗಾಡಿಯೊಳಗಿದ್ದವರಿಗೆ ಒಂದು ಗೀರೂ ಆಗಲಿಲ್ಲ.

ಗ್ಲೆಂಡೇಲ್ ಹೈಟ್ಸ್‌ನ ಮನೆಯಲ್ಲಿ ಉಳಿದವರು ಹೆಂಡತಿ ಶಿವಕ್ಕ ಮತ್ತು ಎಂಬತ್ತರ ಹೊಸ್ತಿಲಲ್ಲಿದ್ದ ತಾಯಿ ತಾಯಮ್ಮ. ಖುರ್ಷೀದ್ ಅವರು ಶಿವಕ್ಕನಿಗೆ ಡ್ರೈವಿಂಗ್ ಕಲಿಸಿದರು. ಅಲೀಮ್ ಅವರು ಪ್ರತಿ ಶುಕ್ರವಾರ ನಮಾಜು ಮುಗಿಸಿ ಆ ಮನೆಗೆ ತರಕಾರಿ ತಲುಪಿಸಿದರು. ಉಪೇಂದ್ರರ ಹೆಸರನ್ನು ಆ ರಸ್ತೆಗೆ ಇಡಿಸಲೇಬೇಕೆಂದು ಹಟ ಹಿಡಿದದ್ದೂ ಆಗಲೇ. "ಗಾಲಿ ಬದಲಿಸುವವನಿಗೂ ಹೆದ್ದಾರಿಯೇ?" ಎಂದವರು ಕಚೇರಿಯಲ್ಲೂ ಇದ್ದರು, ನಮ್ಮಲ್ಲೂ ಇದ್ದರು. ಅಲೀಮ್ ಅವರು ವಾದಕ್ಕೆ ಇಳಿಯದೆ ನಾಲ್ಕುನೂರು ಸಹಿ ಸಂಗ್ರಹಿಸಿದರು. ಮೊದಲ ಸಹಿ ಆ ಗಾಡಿಯಲ್ಲಿ ಕುಳಿತಿದ್ದ ಸಂಸಾರದ್ದು.

ತಾಯಮ್ಮನವರು ಒಂದೇ ಮಾತು ಕೇಳಿದ್ದರು: "ಬೋರ್ಡು ಅಂವ ಬಿದ್ದ ಜಾಗಾದಾಗ ನಿಲ್ಲಬೇಕಪಾ. ನನಗ ಕಣ್ಣ ಮಂಜಾಗಾಕ ಹತ್ಯಾವು. ಕಾಣೂದ್ರೊಳಗ ತೋರ್ಸು." ಅಲೀಮ್ ಮಾತು ಕೊಟ್ಟರು.

2000ದ ವಸಂತದಲ್ಲಿ ನಿರ್ಣಯ ಸಮಿತಿಯನ್ನು ದಾಟಿತು. ಸಭೆಯ ಮತವೊಂದು ಬಾಕಿ. ಕಂಬದ ಜಾಗ ಗುರುತು ಮಾಡಲೆಂದು ಹೋದ ಅಲೀಮ್ ಅವರು ರಸ್ತೆಯಂಚಿನಲ್ಲಿ ನಿಂತು ಕಾಗದವನ್ನು ಮೈಲಿಗಲ್ಲಿನೊಂದಿಗೆ ಎರಡು ಸಲ ತಾಳೆ ನೋಡಿದರು. ರಸ್ತೆ ಅಗಲ ಮಾಡಿದಾಗ ಮೈಲಿ ಸಂಖ್ಯೆಗಳನ್ನು ಬದಲಿಸಿದ್ದರು. ಹಳೆಯ ಸಂಖ್ಯೆಗಳು ಬಾಯಿಪಾಠವಾಗಿದ್ದ ಅವರು, ಕಚೇರಿಯ ಹೊಸ ಮೈಲಿ ಪುಸ್ತಕ ತೆರೆಯದೆ ಆ ನೆನಪಿನಿಂದಲೇ ಬರೆದುಕೊಟ್ಟಿದ್ದರು. ಉಪೇಂದ್ರ ಬಿದ್ದ ಜಾಗ ನಿರ್ಣಯದ ಗಡಿಯಿಂದ ಎರಡು ಮೈಲಿ ಆಚೆಗಿತ್ತು. ಅತಿ ಬಲ್ಲವರು ಎಡವುವುದೇ ಹೀಗೆ.

ಅಧಿವೇಶನ ಮುಗಿಯಲು ಮೂರೇ ದಿನ. ತಿದ್ದಬೇಕಾದರೆ ನಿರ್ಣಯವನ್ನು ಹಿಂದಕ್ಕೆ ಪಡೆದು ಮೊದಲಿನಿಂದ ಆರಂಭಿಸಬೇಕು. "ಎರಡು ಮೈಲಿಯನ್ನು ಯಾರು ಅಳೆಯುತ್ತಾರೆ, ಬಿಟ್ಟುಬಿಡಿ" ಎಂದರು ಮೇಲಧಿಕಾರಿ. ಅಲೀಮ್ ಅವರು ಆ ಸಂಜೆಯೇ ಶಿವಕ್ಕನ ಅಡುಗೆಮನೆಯಲ್ಲಿ ಕುಳಿತು ತಪ್ಪೊಪ್ಪಿಕೊಂಡರು. "ತಪ್ಪು ನಂದವಾ. ತಿದ್ದಿದ್ರ ತಡಾ ಆಗತೈತಿ. ಅವ್ವಾರ ಕಣ್ಣ..."

ಶಿವಕ್ಕ ಎದ್ದು ಒಲೆಯ ಕಡೆ ತಿರುಗಿ ನಿಂತಳು. ಸಿಟ್ಟು ಬಂದಿತ್ತು, ಬರಬೇಕಾದದ್ದೇ. ಉತ್ತರ ಬಂದದ್ದು ಒಳಗಿನ ಕೋಣೆಯಿಂದ, ತಾಯಮ್ಮನವರದು: "ಅಂವ ಬಿದ್ದಲ್ಲಿಂದ ಎರಡ ಮೈಲಿ ಆಚೆ ಆವತ್ತ ಅಂವ ಯಾರ್ನೂ ಉಳಿಸಿಲ್ಲ. ತಿದ್ದಪಾ."

ಅವರು ತಿದ್ದಿದರು. ತಪ್ಪು ತಮ್ಮದೆಂದು ಸಹಿ ಹಾಕಿ ಕಾಗದ ಬರೆದರು, ಅದರಿಂದ ಬರಬೇಕಿದ್ದ ಬಡ್ತಿ ತಪ್ಪಿತು. ನಿರ್ಣಯ ಮಂಡಿಸಿದ್ದ ಶಾಸಕರು ಮುಂದಿನ ಚುನಾವಣೆಯಲ್ಲಿ ಸೋತರು. ಹೊಸಬರು ಕಡತವನ್ನೇ ಕಳೆದರು. ಅಲೀಮ್ ಅವರು ಮತ್ತೆ ನಾಲ್ಕುನೂರು ಸಹಿ ಹಾಕಿಸಿದರು. ಈ ಸಲ ಲೆಮಾಂಟ್‌ನ ಊಟದ ಸಾಲಿನಲ್ಲಿ ಕಾಗದ ಹಿಡಿದು ಓಡಾಡಿದವರು ನಾವು. ಅಷ್ಟಾದರೂ ಬುದ್ಧಿ ಬಂದಿತ್ತು. 2003ರ ಮೇ ತಿಂಗಳಲ್ಲಿ ನಿರ್ಣಯ ಗೆದ್ದಿತು, ಸರಿಯಾದ ಮೈಲಿಗಳೊಂದಿಗೆ.

ಅಷ್ಟರಲ್ಲಿ ತಾಯಮ್ಮನವರ ಕಣ್ಣು ಪೂರಾ ಹೋಗಿತ್ತು.

ಕೊಟ್ಟ ಮಾತಿನ ಅರ್ಧ ಮುರಿದುಬಿದ್ದಿದ್ದರೂ ಅಲೀಮ್ ಅವರು ಸುಮ್ಮನೆ ಕೂರಲಿಲ್ಲ. ಫಲಕ ಕಂಬವೇರುವ ಹಿಂದಿನ ದಿನ, ಅಪ್ಪಣೆ ಪಡೆದು, ಅದು ಸಿದ್ಧವಾಗಿದ್ದ ಕಾರ್ಯಾಗಾರಕ್ಕೆ ಅತ್ತೆಯನ್ನೂ ಸೊಸೆಯನ್ನೂ ಕರೆಸಿಕೊಂಡರು. ಶಿವಕ್ಕ ತಾನೇ ಕಾರು ಓಡಿಸಿಕೊಂಡು ಬಂದಳು. ಎರಡು ಮೇಜು ಜೋಡಿಸಿ ಮಲಗಿಸಿದ್ದ ಕಂದು ಫಲಕದ ಅಂಚಿಗೆ ಮುದುಕಿಯ ಕೈಯನ್ನು ಅಲೀಮ್ ಹಿಡಿದು ಮುಟ್ಟಿಸಿದರು. ಆಕೆ ಒಂದೊಂದೇ ಅಕ್ಷರವನ್ನು ಸವರುತ್ತ, ಮೇಜಿನುದ್ದಕ್ಕೂ ಹೆಜ್ಜೆ ಹಾಕುತ್ತ ಆ ತುದಿಗೆ ಹೋದರು.

"ಇಷ್ಟ ಉದ್ದ ಐತೇನಪಾ ಅವನ ಹೆಸರ?"

"ಹೌದಬೇ. ನೂರಾರು ಅಡಿ ದೂರದಿಂದ ಕಾಣಬೇಕಲ್ಲ."

ಕೆಲಸಗಾರರು ಯಂತ್ರ ನಿಲ್ಲಿಸಿ ಟೋಪಿ ತೆಗೆದರು. ಅಲೀಮ್ ಅವರು ಅಲ್ಲಿ ಎಲ್ಲರೆದುರು ಅತ್ತರು. ನಂತರದ ಐದು ವರ್ಷಗಳಲ್ಲಿ ಅವರ ಮೇಜಿನಿಂದ ಹೊರಟ ಒಂದು ಹೆಸರೂ, ಅವರು ಸ್ವತಃ ಜಾಗಕ್ಕೆ ಹೋಗಿ ನಿಂತು ನೋಡದೆ ಹೊರಡಲಿಲ್ಲ. ನಿವೃತ್ತಿಯ ಮೇಲೂ, ಇಂಥ ಅರ್ಜಿ ಹಿಡಿದು ಬರುವ ಸಂಸಾರಗಳಿಗಾಗಿ ಶನಿವಾರಗಳನ್ನು ಮೀಸಲಿಡುವುದಾಗಿ ಹೇಳಿದ್ದಾರೆ. ಹೇಳಿದ ಮೇಲೆ ಬಿಡುವ ಆಸಾಮಿಯಲ್ಲ.

ಇಂಥವರಿಗೆ ಶುಭ ಕೋರಲು ನಮ್ಮಲ್ಲಿ ಹೊಸ ಮಾತಿಲ್ಲ. ಕಾರ್ಯಾಗಾರದಿಂದ ಹೊರಡುವಾಗ ತಾಯಮ್ಮನವರು ಅವರ ತಲೆಯ ಮೇಲೆ ಕೈಯಿಟ್ಟು ಹರಸಿದ್ದನ್ನೇ ಇಲ್ಲಿ ಮತ್ತೊಮ್ಮೆ, ಎಲ್ಲರ ಪರವಾಗಿ, ಬರೆಯುತ್ತೇವೆ: "ನೂರು ವರ್ಷ ಬಾಳಪಾ ಅಲೀಮ. ದುಡಕೋತ ಇರು. ನಿನ್ನ ಹೆಸರ ಮಾತ್ರ ಯಾವ ಬೋರ್ಡಿಗೂ ಬರೂದು ಬ್ಯಾಡ."